ನಾಲ್ಕು ಬೆರಳು ಹಿಂದೆ ಬಿದ್ದ ಹೆಜ್ಜೆ

ಬೆಳಗಿನ ಐದು ಗಂಟೆ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನಂಚಿನ ಬೇಸ್‌ಬಾಲ್ ಮೈದಾನದಲ್ಲಿ ಸೂರ್ಯ ಆಗಲೇ ಎದ್ದು ಕೂತಿದ್ದಾನೆ, ಮನುಷ್ಯರು ಅಂತ ಇರುವುದು ಒಬ್ಬರೇ. ವಿಠ್ಠಲ ಹಂಚಿನಮನಿ ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲಿಂದ ಟಾರ್ಪಾಲು ಎಳೆಯುತ್ತಾರೆ. ದಿಬ್ಬದ ಮುಂಭಾಗದಲ್ಲಿ ಕೋಳಿ ಕೆದರಿದ ಹಾಗೆ ಒಂದು ಕುಳಿ. ಅವರು ಚೀಲದಿಂದ ಹಳೆಯದೊಂದು ಕ್ರಿಕೆಟ್ ಸ್ಟಂಪ್ ತೆಗೆದು, ಮಂಡಿಯೂರಿ, ದಿಬ್ಬದ ಮೇಲಿನ ಬಿಳಿ ಪಟ್ಟಿಯಿಂದ ಕುಳಿಯವರೆಗೆ ಅಳೆಯುತ್ತಾರೆ. ಒಂದು ಸ್ಟಂಪು, ಎರಡು ಸ್ಟಂಪು, ಅರ್ಧ, ಆಮೇಲೆ ಬೆರಳು. ಅಳೆದು ಮುಗಿಸಿ ಸುತ್ತ ಒಮ್ಮೆ ನೋಡುತ್ತಾರೆ.

ಆ ನೋಟ ನನಗೆ ಹಿಡಿಸುವುದಿಲ್ಲ. ಈ ಪುರವಣಿಗೆ ಬರೆಯಲು ಶುರುಮಾಡುವ ಮುಂಚೆ ಇಪ್ಪತ್ತಾರು ವರ್ಷ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆದವಳು ನಾನು. ಒಂದು ಕೆಲಸ ಮಾಡಿ ಆಮೇಲೆ ಸುತ್ತ ನೋಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅಷ್ಟಕ್ಕೂ ತಂಡದ ಅಭ್ಯಾಸ ಇರುವುದು ಸಂಜೆ ಆರಕ್ಕೆ. ಮಣ್ಣು ಸರಿಮಾಡುವವನಿಗೆ ಬೆಳಗ್ಗೆ ಐದಕ್ಕೆ ಏನು ಕೆಲಸ?

ವಿಠ್ಠಲ ಅವರ ಬಗ್ಗೆ ಹೇಳಿದ್ದು ಇದೇ ಊರಿನಲ್ಲಿರುವ ನನ್ನ ತಂಗಿ ಶ್ರೀಲಕ್ಷ್ಮಿ. ಬೇಸಿಗೆ ಕಳೆಯಲು ಅವಳ ಮನೆಗೆ ಬಂದಿದ್ದೇನೆ. "ಅಕ್ಕಾ, ಪಾಪ ಕಣೇ, ಎಲೆಮರೆ ಕಾಯಿ, ಅವರ ಮೇಲೆ ಒಂದು ಬರಿ" ಅಂದಳು. ಯಾರಾದರೂ ಯಾರನ್ನಾದರೂ ಪಾಪ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಫೋನ್ ಮಾಡಿದರೆ ಆಸಾಮಿ ಒಂದೇ ಮಾತಿಗೆ ಒಪ್ಪಿಬಿಟ್ಟರು. ಒಪ್ಪಿ, ತಕ್ಷಣ ಕೇಳಿದ್ದು: "ಪುರವಣಿ ಎಲ್ಲಾ ಊರಿಗೂ ಒಂದೇನಾ ಮೇಡಂ, ಇಲ್ಲಾ ಊರಿಗೊಂದು ಬೇರೆನಾ?" ಓಹೋ, ಎಷ್ಟು ಊರಿನಲ್ಲಿ ಫೋಟೋ ಬರುತ್ತೆ ಅಂತ ಲೆಕ್ಕ, ಅಂದುಕೊಂಡೆ. ಕಾಯಿ ಎಲೆ ಸರಿಸಿಕೊಂಡು ತಾನೇ ಇಣುಕುತ್ತಿದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಮ್ಮ ಬೌಲರ್‌ನಂತೆ ಅಲ್ಲಿ ಪಿಚರ್. ಅವನು ಓಡಿಬಂದು ಎಸೆಯುವುದಿಲ್ಲ. ದಿಬ್ಬದ ಮೇಲಿನ ಪಟ್ಟಿಗೆ ಒಂದು ಕಾಲು ಕೊಟ್ಟು, ಇನ್ನೊಂದು ಕಾಲನ್ನು ಮುಂದಕ್ಕೆ ಚಾಚಿ ಎಸೆಯುತ್ತಾನೆ. ಒಂದು ಸಂಜೆಗೆ ಎಂಬತ್ತು, ತೊಂಬತ್ತು ಸಲ ಅದೇ ಕಾಲು ಅದೇ ಜಾಗಕ್ಕೆ ಬಿದ್ದು ಕುಳಿಯಾಗುತ್ತದೆ. ಆ ಕುಳಿಯನ್ನು ಕೆರೆದು, ನೀರು ಚಿಮುಕಿಸಿ, ಹೊಸ ಜೇಡಿ ತುಂಬಿ, ದಮ್ಮಸು ಹೊಡೆದು ಮುಚ್ಚುವುದು ವಿಠ್ಠಲ ಅವರ ಕೆಲಸ. ಒಂದು ಕುಳಿಗೆ ಒಂದೂವರೆ ಬಕೆಟ್ ಜೇಡಿ, ಸುಮಾರು ಮುನ್ನೂರು ಪೆಟ್ಟು. "ಹನ್ನೆರಡು ತಾಸು ಒಣಗಬೇಕು ಮೇಡಂ. ಸಂಜೆ ಆರಕ್ಕೆ ಬೇಕಂದ್ರೆ ಬೆಳಗ್ಗೆ ಆರರೊಳಗೆ ಮುಗಿಸಬೇಕು" ಅನ್ನುತ್ತಾರೆ. ಸರಿ, ಬೆಳಗಿನ ಐದಕ್ಕೆ ಉತ್ತರ ಸಿಕ್ಕಿತು. ಸ್ಟಂಪಿಗೆ ಸಿಗಲಿಲ್ಲ.

ಮಣ್ಣು ಸುಳ್ಳು ಹೇಳಲ್ಲ ಅಂತ ಒಂದು ಡೈಲಾಗು ಬಿಡುತ್ತಾರೇನೋ ಅಂತ ಪೆನ್ನು ಹಿಡಿದು ಕಾಯುತ್ತೇನೆ. ಬಿಡುವುದಿಲ್ಲ. "ಮಣ್ಣೂ ಸುಳ್ಳು ಹೇಳ್ತೈತ್ರಿ. ಒಂದು ಮಳಿ ಬಂತಂದ್ರ ಎಲ್ಲಾ ಸುಳ್ಳ." ಬೆಂಗಳೂರು ಕನ್ನಡದ ನಡುವೆ ಹುಬ್ಬಳ್ಳಿ ಇಣುಕಿದ್ದು ಆಗಲೇ. ಇಲ್ಲಿನ ಕನ್ನಡಿಗರ ನಡುವೆ ಇದ್ದು ಅವರು ಮಾತನ್ನು ಇಸ್ತ್ರಿ ಮಾಡಿಟ್ಟುಕೊಂಡಿದ್ದಾರೆ. ಇಸ್ತ್ರಿ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾರೆ, ಹುಬ್ಬಳ್ಳಿ ಬಂದರೆ ನಿಜ ಅಂತ ನಾನೊಂದು ಅಳತೆಗೋಲು ಮಾಡಿಕೊಂಡೆ.

ವಿಠ್ಠಲ ಅವರಿಗೆ ಈಗ ನಲವತ್ತೇಳು. ಹದಿನಾರು ವರ್ಷ ಹುಬ್ಬಳ್ಳಿಯ ಒಂದು ಕ್ರಿಕೆಟ್ ಮೈದಾನದಲ್ಲಿ ಪಿಚ್ ನೋಡಿಕೊಂಡವರು. ಹೆಂಡತಿ ಪದ್ಮಿನಿಗೆ ಇಲ್ಲಿನ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ; ಮಣ್ಣು ತೋಡುವ ಯಂತ್ರದ ಸಾಫ್ಟ್‌ವೇರ್ ಪರೀಕ್ಷಿಸುತ್ತಾರೆ. "ಮನ್ಯಾಗ ಇಬ್ರದ್ದೂ ಮಣ್ಣಿನ ಕೆಲಸಾನ ರಿ" ಅಂತ ವಿಠ್ಠಲ ನಗುತ್ತಾರೆ. ಆರು ವರ್ಷದ ಹಿಂದೆ ಹೆಂಡತಿಯ ಬೆನ್ನಿಗೆ ಬಂದ ಅವರು, ಮೊದಲ ಚಳಿಗಾಲವಿಡೀ ಕಮ್ಯೂನ್, ಅಂದರೆ ಇಲ್ಲಿನ ನಗರಸಭೆಯ ಪರವಾಗಿ ಕಾಲುದಾರಿಯ ಹಿಮ ಗೋರಿದರು. ವಸಂತದಲ್ಲಿ ಈ ಮೈದಾನ ಸಿಕ್ಕಿತು. ವಾರಕ್ಕೆ ಇಪ್ಪತ್ತು ಗಂಟೆಯ ಕೆಲಸ. ಅವರು ಮಾಡುವುದು ಮೂವತ್ತೈದು.

ಹುಬ್ಬಳ್ಳಿ ಯಾಕೆ ಬಿಟ್ಟಿರಿ ಅಂದರೆ "ಪದ್ಮಿನಿಗೆ ಆಫರ್ ಬಂತಲ್ಲ ಮೇಡಂ" ಅನ್ನುತ್ತಾರೆ. ಇಸ್ತ್ರಿ ಮಾತು. ಶ್ರೀಲಕ್ಷ್ಮಿಯನ್ನು ಕೆದಕಿದರೆ ವಿಷಯ ಹೊರಬೀಳುತ್ತದೆ. ಅಲ್ಲಿ ನಾಲ್ಕು ದಿನದ ಪಂದ್ಯವೊಂದು ಎರಡೇ ದಿನಕ್ಕೆ ಮುಗಿದಿತ್ತು. ಯಾರದೋ ಮಾತು ಕೇಳಿ ಪಿಚ್ ಕೆಡಿಸಿದ ಅಂತ ಇವರ ಮೇಲೆ ಬಂತು. ವಿಚಾರಣೆಯಲ್ಲಿ ಇವರು ಬಾಯಿ ಬಿಡಲಿಲ್ಲ, ಕೆಲಸ ಹೋಯಿತು. ಬಾಯಿ ಬಿಡದವರು ಎರಡು ಥರ: ತಪ್ಪು ಮಾಡಿದವರು, ಇಲ್ಲಾ ಪೆದ್ದರು. ಯಾವ ಥರ ಅಂತ ನನಗೆ ಆ ರಾತ್ರಿ ಗೊತ್ತಾಗಲಿಲ್ಲ.

ಈಗ ತಂಡದ ಕಥೆ. ಹೆಸರು ಕೊರ್ಪರ್ನಾ, ಅಂದರೆ ಕಾಡುಕಾಗೆಗಳು. ಹತ್ತೊಂಬತ್ತು ಪಂದ್ಯದಲ್ಲಿ ಗೆದ್ದದ್ದು ನಾಲ್ಕು. ಕೊನೆಯ ಸ್ಥಾನದಲ್ಲೇ ಉಳಿದರೆ ಕೆಳಗಿನ ಲೀಗಿಗೆ ಇಳಿಯುತ್ತದೆ, ಮೈದಾನವನ್ನು ಫುಟ್‌ಬಾಲಿಗೆ ಕೊಡುವ ಮಾತೂ ಇದೆ. ಆಗ ದಿಬ್ಬ ನೆಲಸಮ, ದಿಬ್ಬದ ಮನುಷ್ಯ ಮನೆಗೆ. ತಂಡಕ್ಕಿರುವ ಒಬ್ಬನೇ ದೊಡ್ಡ ಆಟಗಾರ ಪಿಚರ್ ಯೋನಾಸ್, ವಯಸ್ಸು ಮೂವತ್ತೊಂದು. ಸ್ಟಾಕ್‌ಹೋಮಿನ ತಂಡವೊಂದು ಅವನನ್ನು ಕೇಳುತ್ತಿದೆ. ಬದಲಿಗೆ ಇಪ್ಪತ್ತು ದಾಟದ, ಬೆಳೆಯುವ ಇಬ್ಬರು ಹುಡುಗರನ್ನು ಕೊಡುತ್ತದಂತೆ. ಜುಲೈ ಮೂವತ್ತೊಂದು ಕೊನೆಯ ದಿನ. ಆಮೇಲೆ ಈ ವರ್ಷ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಕ್ಲಬ್ಬಿನ ಅಧ್ಯಕ್ಷ ಲೆನ್ನಾರ್ತ್ ಒಂದು ಹಣ್ಣೆಲೆ ಕೊಟ್ಟು ಎರಡು ಚಿಗುರು ತರುವ ಉಮೇದಿನಲ್ಲಿದ್ದಾರೆ.

ಇಪ್ಪತ್ತೆಂಟರಂದು ನಾನು ಮೈದಾನಕ್ಕೆ ಹೋದಾಗ, ಸ್ಟಾಕ್‌ಹೋಮ್ ತಂಡದ ಮನುಷ್ಯನೊಬ್ಬ ದಿಬ್ಬದ ಪಕ್ಕ ನಿಂತು ವಿಠ್ಠಲ ಅವರ ಜೊತೆ ಹತ್ತು ನಿಮಿಷ ಮಾತಾಡುತ್ತಿದ್ದ. ನಾನೊಬ್ಬಳೇ ಅಲ್ಲ, ಶೆಡ್ಡಿನ ಬಾಗಿಲಲ್ಲಿ ನಿಂತ ಲೆನ್ನಾರ್ತ್ ಕೂಡ ನೋಡಿದರು. ಏನು ಮಾತು ಅಂತ ಕೇಳಿದೆ. "ಮಣ್ಣಿನ ವಿಚಾರ ಮೇಡಂ. ಜೇಡಿ ಎಲ್ಲಿಂದ ತರಿಸ್ತೀರಾ ಅಂತ." ಇಸ್ತ್ರಿ ಅಂದರೆ ಇಸ್ತ್ರಿ, ಒಂದು ಸುಕ್ಕಿಲ್ಲ. ಮರುದಿನ ಸಂಜೆ ಸ್ಟಾಕ್‌ಹೋಮಿನವರು ಕಾರಣ ಹೇಳದೆ ಹಿಂದೆ ಸರಿದರು. ಕ್ಲಬ್ಬಿನಲ್ಲಿ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು: ಮಣ್ಣಿನವನು ಏನೋ ಊದಿದ್ದಾನೆ. ನನ್ನ ಬೆರಳೂ ಅವುಗಳ ನಡುವೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂವತ್ತರಂದು ಅವರ ಮನೆಗೇ ಹೋಗುತ್ತೇನೆ. ಪದ್ಮಿನಿ ಗಿರಮಿಟ್ಟು ಮಾಡಿದ್ದಾರೆ, ಮುಖ ಮಾತ್ರ ಕೆಂಡ. "ದೇವರು ಇವ್ರಿಗೆ ಬಾಯಿ ಯಾಕ ಕೊಟ್ಟಾನೋ. ಅಲ್ಲೂ ಹಿಂಗ ಸುಮ್ಮನ ಕುಂತು ಹೆಸರು ಕಳಕೊಂಡ್ರು. ಇಲ್ಲೂ ಅದ. ಹೇಳ್ರಿ ಅಕ್ಕಾರಿಗೆ, ಇಲ್ಲಾಂದ್ರ ನಾ ಹೇಳ್ತೀನಿ." ವಿಠ್ಠಲ ತಟ್ಟೆಯಲ್ಲಿನ ಮೆಣಸಿನಕಾಯಿ ಬದಿಗಿಡುತ್ತಾರೆ. ನಾಳೆ ಕಳೆಯುವ ತನಕ ಬರೆಯಬಾರದು, ಯಾರಿಗೂ ಹೇಳಬಾರದು ಅಂತ ಮಾತು ತಗೊಳ್ಳುತ್ತಾರೆ. ಆಮೇಲೆ ಸ್ಟಂಪ್ ತಂದು ಮುಂದಿಡುತ್ತಾರೆ. ಅದರ ಮೈತುಂಬ ಚಾಕುವಿನಿಂದ ಕೊರೆದ ಅಳತೆಯ ಗೀರುಗಳು.

"ಯೋನಾಸಂದು ಪ್ರತಿ ಸಲ ಎರಡೂವರಿ ಸ್ಟಂಪು, ಮ್ಯಾಲ ಆರು ಬೆರಳು. ಮೂರು ವರ್ಷದಾಗ ಒಂದು ಬೆರಳು ಹೆಚ್ಚುಕಡಿಮಿ ಆಗಿಲ್ಲ. ಜೂನ್ ತಿಂಗಳದಾಗ ಐದಾತು, ಆಮ್ಯಾಲ ನಾಕು. ಈಗ ಎರಡು. ನಾಲ್ಕು ಬೆರಳು ಹಿಂದ ಬಿದ್ದೈತ್ರಿ ಹೆಜ್ಜಿ. ಹುಬ್ಬಳ್ಳ್ಯಾಗ ಫಾಸ್ಟ್ ಬೌಲರ್‌ಗಳದ್ದೂ ನೋಡೀನಿ. ಭುಜ ನೋಯಾಕ ಹತ್ತಿದ್ರ ಪೂರ್ತಿ ಚಾಚೂದಿಲ್ಲ, ಹೆಜ್ಜಿ ಮೋಟ ಆಗ್ತೈತಿ. ಅಂವಾ ಯಾರಿಗೂ ಹೇಳಿರ್ಲಿಲ್ಲ."

ಹಾಗಾದರೆ ನೀವು ಯಾರಿಗೆ ಹೇಳಿದಿರಿ?

"ಅವನಿಗ ಹೇಳಿದೆ. ಮತ್ಯಾರಿಗೆ ಹೇಳ್ಲಿ? ಭುಜ ಅವಂದು. ಕುಳಿ ತೋರಿಸಿ, ಡಾಕ್ಟರ್ ಹತ್ರ ಹೋಗಪಾ ಅಂದೆ. ನಾನ ಎಲ್ಲಾರಿಗೂ ಹೇಳ್ತೀನಿ, ಅಲ್ಲೀತನಕ ನೀ ಸುಮ್ಮನಿರು ಅಂದ. ಹೂಂ ಅಂದೆ."

ಸ್ಟಾಕ್‌ಹೋಮಿನವನು? ಯೋನಾಸನ ಕಾಲು ಹೇಗೆ ಬೀಳುತ್ತೆ ಅಂತ ಅವನು ಮೂರು ಸಲ ಕೇಳಿದನಂತೆ. ಇವರು ಮೂರು ಸಲವೂ ಜೇಡಿಯ ವಿಷಯ ಹೇಳಿದರಂತೆ. ಅಂದರೆ ಅವತ್ತಿನ ಇಸ್ತ್ರಿ ಮಾತು ಅಪ್ಪಟ ನಿಜ. ನನ್ನ ಅಳತೆಗೋಲನ್ನು ಒಲೆಗೆ ಹಾಕಬೇಕು.

ಆದರೂ ಸಂಶಯ ನನ್ನ ಹುಟ್ಟುಗುಣ. ಕಥೆ ಚೆನ್ನಾಗಿದೆ, ಆದರೆ ಹೇಳುತ್ತಿರುವವರು ಅವರೇ, ಸಾಕ್ಷಿ ಅವರ ಹೆಂಡತಿ. ಆ ಅದಲುಬದಲು ಆಗಿದ್ದರೆ ತಂಡಕ್ಕೆ ಇಬ್ಬರು ಹುಡುಗರು ಸಿಗುತ್ತಿದ್ದರು, ಮೈದಾನ ಉಳಿಯಬಹುದಿತ್ತು, ಇವರ ಕೆಲಸವೂ. ಅದನ್ನೆಲ್ಲ ಪಣಕ್ಕಿಟ್ಟು ಯಾರಾದರೂ ಒಬ್ಬನ ಭುಜಕ್ಕಾಗಿ ಅವನನ್ನು ಡಾಕ್ಟರ ಹತ್ತಿರ ಕಳಿಸುತ್ತಾರಾ? ರಾತ್ರಿ ಶ್ರೀಲಕ್ಷ್ಮಿ "ನಿನಗೆ ಅಮೃತ ಕೊಟ್ಟರೂ ಲ್ಯಾಬ್ ರಿಪೋರ್ಟ್ ಕೇಳ್ತೀಯ" ಅಂತ ಬೈದಳು.

ಮೂವತ್ತೊಂದರ ಬೆಳಗ್ಗೆ ಐದೂವರೆ. ವಿಠ್ಠಲ ದಮ್ಮಸು ಹೊಡೆಯುತ್ತಿದ್ದಾರೆ. ಲೆನ್ನಾರ್ತ್ ಸೈಕಲ್ಲಿನಲ್ಲಿ ಬರುತ್ತಾರೆ, ಕಿರುಚಾಡುವುದಿಲ್ಲ. ಇಲ್ಲಿನವರು ಕಿರುಚುವುದಿಲ್ಲ, ಅದಕ್ಕೇ ಹೆಚ್ಚು ಭಯ. ಅವರ ಇಂಗ್ಲಿಷಿನಲ್ಲಿ ನಿಧಾನಕ್ಕೆ ಕೇಳುತ್ತಾರೆ: ನೀನು ಅವರಿಗೆ ಏನಾದರೂ ಹೇಳಿದೆಯಾ? ಇಲ್ಲ. ನಿನಗೆ ಏನಾದರೂ ಗೊತ್ತಿತ್ತಾ? ವಿಠ್ಠಲ ಕುಳಿಯ ಅಂಚಿಗೆ ಇನ್ನೊಂದು ಪೆಟ್ಟು ಹಾಕುತ್ತಾರೆ. ಲೆನ್ನಾರ್ತ್ ಕೈ ಚಾಚುತ್ತಾರೆ. ವಿಠ್ಠಲ ಜೇಬಿನಿಂದ ಶೆಡ್ಡಿನ ಕೀಲಿ ತೆಗೆದು, ಅದಕ್ಕೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿ ಕೊಡುತ್ತಾರೆ.

ನನ್ನ ನಾಲಿಗೆ ತುದಿಗೆ ಎಲ್ಲವೂ ಬಂದಿತ್ತು. ವಿಠ್ಠಲ ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಾರೆ. ಮಾತು ಕೊಟ್ಟಿದ್ದೆನಲ್ಲ, ನುಂಗಿಕೊಂಡೆ. ಲೆನ್ನಾರ್ತ್ ಹೋದ ಮೇಲೆ ಅವರು ಮತ್ತೆ ದಮ್ಮಸು ಎತ್ತುತ್ತಾರೆ. ಕೆಲಸವೇ ಹೋಯಿತಲ್ಲ, ಇನ್ನು ಯಾರಿಗೆ ಬಡಿಯುತ್ತೀರಿ ಅಂತ ರೇಗುತ್ತೇನೆ. ನಿಜವಾಗಿ ಸಿಟ್ಟು ಬಂದಿದ್ದು ನನ್ನ ಮೇಲೆ. "ಇನ್ನ ನೂರು ಪೆಟ್ಟು ಐತ್ರಿ. ಅರ್ಧಕ್ಕ ಬಿಟ್ರ ಸಂಜಿಗೆ ಯಾರರ ಕಾಲು ಉಳುಕ್ತೈತಿ." ನಾನು ಎಣಿಸುತ್ತಾ ನಿಲ್ಲುತ್ತೇನೆ. ನೂರಾ ನಾಲ್ಕು ಪೆಟ್ಟು.

ಮಧ್ಯಾಹ್ನ ಮೂರಕ್ಕೆ ಪದ್ಮಿನಿ ಕಾರ್ಖಾನೆಯಿಂದಲೇ ಫೋನ್ ಮಾಡುತ್ತಾರೆ. ಕ್ಲಬ್ಬಿನ ಗುಂಪಿಗೆ ಯೋನಾಸ್ ಬರೆದಿದ್ದಾನೆ, ಓದಿ ಹೇಳುತ್ತೇನೆ ಅಂತ. ಭುಜದ ಸ್ನಾಯು ಹರಿದಿದೆ, ಡಾಕ್ಟರ ವರದಿ ಇವತ್ತು ಬಂತು, ಈ ವರ್ಷ ಇನ್ನು ಆಡಲಾರೆ. ಸ್ಟಾಕ್‌ಹೋಮಿನವರಿಗೆ ಮೊನ್ನೆ ನಾನೇ ಹೇಳಿದೆ, ನಿಮಗೆ ಹೇಳಲು ಧೈರ್ಯ ಬಂದಿರಲಿಲ್ಲ, ಕ್ಷಮಿಸಿ. ಇದನ್ನು ಮೊದಲು ಕಂಡುಹಿಡಿದವರು ವಿಠ್ಠಲ. ನನಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ಹೇಳಬೇಡಿ ಅಂದವನು ನಾನು.

ಸಂಜೆ ಲೆನ್ನಾರ್ತ್ ಮತ್ತೆ ಸೈಕಲ್ಲಿನಲ್ಲಿ ಬರುತ್ತಾರೆ. ಇಳಿದು ಬಂದಾಗ ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಕಾಗದದ ಪೊಟ್ಟಣ, ಹೆಗಲಿಗೆ ಫ್ಲಾಸ್ಕು. ಪೊಟ್ಟಣದಲ್ಲಿ ದಾಲ್ಚಿನ್ನಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ. ಮೂವರೂ ಬೆಂಚಿನ ಮೇಲೆ ಕೂತು ಫೀಕಾ, ಅಂದರೆ ಇಲ್ಲಿನವರ ಕಾಫಿ-ತಿಂಡಿ, ಮಾಡುತ್ತೇವೆ. ತಪ್ಪಾಯಿತು ಅನ್ನುವ ಮಾತು ಬರುತ್ತದೇನೋ ಅಂತ ಕಾಯುತ್ತೇನೆ. ಎರಡನೆಯ ಬನ್ನು ಬರುತ್ತದೆ. ಇಲ್ಲಿ ಅದೇ ಕ್ಷಮೆ ಅಂತ ವಿಠ್ಠಲ ಆಮೇಲೆ ವಿವರಿಸುತ್ತಾರೆ. ನನಗೇನೋ ಬಾಯಿಬಿಟ್ಟು ಹೇಳಬೇಕಿತ್ತು ಅಂತಲೇ ಅನ್ನಿಸುತ್ತದೆ. ತಂಡದಿಂದ ಯೋನಾಸ್ ಹೋಗಲಿಲ್ಲ, ಅವನ ಭುಜ ಹೋಯಿತು, ಹೊಸ ಹುಡುಗರೂ ಬರಲಿಲ್ಲ. ಶನಿವಾರ ತಂಡದ್ದೇ ಒಬ್ಬ ಎಡಗೈ ಹುಡುಗ ಎಸೆಯುತ್ತಾನಂತೆ. ಅವನ ಕುಳಿ ದಿಬ್ಬದ ಎಲ್ಲಿ ಬೀಳುತ್ತದೆ ಅನ್ನುವುದು ವಿಠ್ಠಲ ಅವರಿಗೆ ಇನ್ನೂ ಗೊತ್ತಿಲ್ಲ. ಮೈದಾನ ಉಳಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಹೊರಡುವ ಮುಂಚೆ ಉಳಿದಿದ್ದ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಪಿಚ್ ಕೆಡಿಸಿದ್ದು ಯಾರು? ವಿಠ್ಠಲ ಸ್ಟಂಪನ್ನು ಚೀಲಕ್ಕೆ ಹಾಕುತ್ತಾರೆ. "ಪಂದ್ಯದ ಹಿಂದಿನ ರಾತ್ರಿ ಮಳಿ ಬಂತು, ಪಿಚ್ಚಿಗೆ ಹೊದಿಕಿ ಹಾಕೂದು ಮರೆತಿದ್ದು ನನ್ನ ಕೈಕೆಳಗಿನ ಮುದುಕ್ರಿ, ಅಕ್ಕಾರ. ರಿಟೈರ್ ಆಗಾಕ ಎರಡು ತಿಂಗಳಿತ್ತು. ಈಗ ಅವರಿಲ್ಲ. ಅದಕ್ಕ ಹೇಳೀನಿ."

ಒಬ್ಬ ಕ್ರೈಂ ರಿಪೋರ್ಟರ್ ಏನು ಮಾಡಬೇಕೋ ಅದನ್ನು ನಾನು ಆ ಹೊತ್ತಿಗೆ ಮಾಡಲಿಲ್ಲ. ಸಾಕ್ಷಿ ಕೇಳಲಿಲ್ಲ.

ಗೇಟಿನವರೆಗೆ ಬರುತ್ತಾರೆ. ಏನೋ ಕೇಳಬೇಕು, ಕೇಳಲು ಸಂಕೋಚ. ಕೊನೆಗೆ ಫೋನಿನಲ್ಲಿ ಮೊದಲ ದಿನ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಈ ಸಲ ಇಸ್ತ್ರಿ ಇಲ್ಲದೆ.

"ಅಕ್ಕಾರ, ಇದು ಹುಬ್ಬಳ್ಳಿ ಪೇಪರ್‌ದಾಗೂ ಬರ್ತೈತೇನ್ರಿ? ನಮ್ಮವ್ವ ಇನ್ನೂ ಅದ ಓಣ್ಯಾಗ ಅದಾಳ."