ಅತ್ತೆ ಎತ್ತಿ ಕುಡಿದ ಜಪಾನಿ ಚಹಾ

ಅತ್ತೆಯ ಮೂಗಿನ ತುದಿಯಿಂದ ಹಸಿರು ಚಹಾ ತೊಟ್ಟಿಕ್ಕುತ್ತಿರುವಾಗ ನಗದೆ ಕೂರುವುದು ಎಷ್ಟು ಕಷ್ಟ ಗೊತ್ತೇ? ಅದೂ ಮಂಡಿಯೂರಿ. ಅದೂ ಕಾಲು ಜೋಮು ಹಿಡಿದಿರುವಾಗ!

ಆದದ್ದಿಷ್ಟು. ನಾಶಿಕದ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಯೂಕೊ ಇದ್ದಾಳೆ. ಜಪಾನಿನವಳು. ಗಂಡ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಎರಡು ವರ್ಷದ ಹಿಂದೆ ಬಂದಾಗ ಅವಳಿಗೆ ಇಲ್ಲಿ ಯಾರೂ ಗೊತ್ತಿರಲಿಲ್ಲ. (ವರ್ಗವಾಗಿ ಬಂದ ಊರಿನಲ್ಲಿ ಗುರುತಿಲ್ಲದ ಸಂಜೆ ಹೇಗಿರುತ್ತದೆಂದು ಬ್ಯಾಂಕಿನವರ ಹೆಂಡತಿಯಾದ ನನ್ನನ್ನು ಕೇಳಿ.) ವಿಜಾಪುರದ ನಮ್ಮ ಅತ್ತೆ ಅವಳನ್ನು ಅಡುಗೆಮನೆಗೆ ಕರೆದು ರೊಟ್ಟಿ ಬಡಿಯುವುದು ಕಲಿಸಿದರು. ಇಬ್ಬರದೂ ಮುರುಕು ಮರಾಠಿ. ಮಾತು ಮಾತ್ರ ಮುಗಿಯುತ್ತಲೇ ಇರಲಿಲ್ಲ!

ಈಗ ಯೂಕೊ ತನ್ನ ದೇಶಕ್ಕೆ ಹೊರಟಿದ್ದಾಳೆ. ಹೋಗುವ ಮುನ್ನ ಅವರ ಪದ್ಧತಿಯ ಚಹಾ ಕುಡಿಸಲು ಕರೆದಳು. ಅತ್ತೆಯೇ ಮುಖ್ಯ ಅತಿಥಿ.

ಚಹಾ ಎಂದರೆ ಹಾಲು, ಸಕ್ಕರೆ, ಶುಂಠಿ ಎಂದುಕೊಂಡವರು ನಾವು. ಇಲ್ಲಿ ಒಂದು ಬಟ್ಟಲು ತೊಳೆದು ಒರೆಸುವುದಕ್ಕೇ ಇಪ್ಪತ್ತು ನಿಮಿಷ! ಕೊನೆಗೆ ಹಸಿರು ಪುಡಿಗೆ ಬಿಸಿನೀರು ಹಾಕಿ, ಬಿದಿರಿನ ಕುಂಚದಿಂದ ಕಲಸಿದಳು. ಚಟ್ನಿಯಷ್ಟು ಗಟ್ಟಿ. ಬಟ್ಟಲನ್ನು ಎರಡು ಸಲ ತಿರುಗಿಸಿ, ಮೂರು ಗುಟುಕು ಕುಡಿದು, ಅಂಚು ಒರೆಸಿ, ಅದನ್ನೇ ಪಕ್ಕದವರಿಗೆ ಕೊಡಬೇಕಂತೆ. ಎಲ್ಲರಿಗೂ ಒಂದೇ ಬಟ್ಟಲು!

ಎಪ್ಪತ್ತು ವರ್ಷದಲ್ಲಿ ಲೋಟಕ್ಕೆ ತುಟಿ ತಾಗಿಸದ ಅತ್ತೆ ನನ್ನತ್ತ ಬಗ್ಗಿದರು. "ನನ್ನ ಎಂಜಲಾ ನಿನಗ ಕೊಡ್ಲೇನು? ಪಾಪ ಸುತ್ಕೋತದವಾ."

"ಅವರ ಪದ್ಧತಿನ ಹಂಗ ಅದರಿ ಅತ್ತಿ. ಇಲ್ಲಾಂದ್ರ ಆಕಿ ಮನಸಿಗೆ ಹಚ್ಕೋತಾಳ್ರಿ."

ಎರಡು ವರ್ಷದ ಸ್ನೇಹ ಹೊರಡುವ ಹೊತ್ತಿನಲ್ಲಿ ಕೆಡುತ್ತದಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು.

ಅತ್ತೆ ಉಪಾಯ ಕಂಡುಕೊಂಡರು. ಬಟ್ಟಲನ್ನು ಎರಡು ಸಲ ತಿರುಗಿಸಿದರು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ಗೇಣು ಮೇಲಕ್ಕೆ ಎತ್ತಿ ಹಿಡಿದರು. ಚಹಾ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದರು. ಊಹೂಂ. ಅಲುಗಾಡಿಸಿದರು. ಬಿತ್ತು ನೋಡಿ ದಬಕ್ಕನೆ! ಮೂಗು, ಗದ್ದ, ಇಳಕಲ್ ಸೀರೆಯ ಸೆರಗು, ಎಲ್ಲ ಹಸಿರು.

ಯೂಕೊ ತಲೆ ತಗ್ಗಿಸಿದಳು. ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆಯೇ? ಮರುಕ್ಷಣ ಚಾಪೆಯ ಮೇಲೆ ಉರುಳಿ ನಗತೊಡಗಿದಳು! ನಾನೂ ಉರುಳಿದೆ (ಜೋಮು ಹಿಡಿದ ಕಾಲಿಗೆ ಬೇರೆ ದಾರಿ ಇರಲಿಲ್ಲ). ಅತ್ತೆಯಂತೂ ಮುಖ ಒರೆಸಿಕೊಳ್ಳುತ್ತಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಯೂಕೊ ಮತ್ತೆ ಚಹಾ ಕಲಸಿದಳು. ಈ ಸಲ ತಾನೇ ಮೊದಲು ಕುಡಿದು, ಅಂಚು ಒರೆಸಿ, ಎರಡೂ ಕೈಯಲ್ಲಿ ಚಾಚಿದಳು. "ಆಜಿ, ನಾನು ಕುಡಿದೆ. ಈಗ ನೀವು" ಎಂದಳು ಮರಾಠಿಯಲ್ಲಿ.

ಅತ್ತೆ ಅವಳ ಮುಖ ನೋಡಿದರು. ಕಣ್ಣು ಮುಚ್ಚಿಕೊಂಡರು. ತುಟಿ ಹಚ್ಚಿ ಮೂರು ಗುಟುಕು ಕುಡಿದೇಬಿಟ್ಟರು! "ಹೋಗೂ ಹುಡುಗಿ, ಇನ್ ಯಾವಾಗ ಕಾಣ್ತಾಳೋ ಏನೋ" ಎಂದು ನನಗೆ ಹೇಳುವಾಗ ಅವರ ದನಿ ನಡುಗಿತು.

ಎಂಜಲು ಇರುವುದು ಬಾಯಲ್ಲೋ, ತಲೆಯಲ್ಲೋ? ಏನೇ ಇರಲಿ, ನಮ್ಮ ಮನೆಯಲ್ಲಿ ಕ್ರಾಂತಿ ಆಯಿತೆಂದು ಹಿಗ್ಗಿದೆ. ಮನೆಗೆ ಬಂದವಳೇ ಶುಂಠಿ ಚಹಾ ಕಾಸಿ, ಎರಡು ಗುಟುಕು ಕುಡಿದು, ಕಪ್ಪಿನ ಅಂಚು ಒರೆಸಿ ಅತ್ತೆಯ ಮುಂದೆ ಹಿಡಿದೆ.

"ಛೀ, ಎಂಜಲಾ ಕೊಡ್ತಿಯೇನು? ಬ್ಯಾರೆ ವಾಟಗದಾಗ ತಾ!"

ಹದಿನೆಂಟು ವರ್ಷ ಒಂದೇ ಮನೆಯಲ್ಲಿರುವ ಸೊಸೆಗೆ ಆ ಭಾಗ್ಯ ಸಿಗಬೇಕಾದರೆ, ಅವಳೂ ಒಮ್ಮೆ ಗಂಟುಮೂಟೆ ಕಟ್ಟಬೇಕೇನು?