ನಾಲ್ಕನೆಯ ಹಾಡಿನ ದನಿ

ಭಾಗ್ಯ, ನಮ್ಮ ಭಜನಾ ಮಂಡಳಿಯ ಸಿ.ಡಿ.ಯಲ್ಲಿರುವ ನಾಲ್ಕನೆಯ ಹಾಡು ನಾನು ಹಾಡಿದ್ದಲ್ಲ. ಅದು ನಿನ್ನ ಅಮ್ಮ ರತ್ನಮ್ಮನ ದನಿ. ಕವರಿನ ಮೇಲೆ ನನ್ನ ಹೆಸರಿದೆ, ನನ್ನ ಫೋಟೊ ಇದೆ — ದನಿ ಮಾತ್ರ ಅವಳದು. ಅಷ್ಟೇ ಆಗಿದ್ದರೆ ಎಂದೋ ಒಂದು ದಿನ ಬಾಯಿಬಿಡುತ್ತಿದ್ದೆನೇನೋ. ಆದರೆ ಆ ದನಿ ನಿನಗೆ ಸಿಗಲು ಇದ್ದ ಒಂದೇ ದಾರಿಯನ್ನೂ ನಾನೇ ಮುಚ್ಚಿದೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ರೆಕಾರ್ಡಿಂಗಿಗೆಂದು ನಾವು ಏಳು ಹೆಂಗಸರು ಹೋದ ದಿನ ಏಕಾದಶಿ. ದೇವರ ಹಾಡು, ಉಪವಾಸದಲ್ಲೇ ಹಾಡಬೇಕು ಎಂದು ನಾನು ಹಟ ಹಿಡಿದು ನೀರೂ ಮುಟ್ಟಿರಲಿಲ್ಲ. ಆಗ ನಿನಗೆ ಹತ್ತು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅಮ್ಮ ನಿನ್ನನ್ನೂ ಕರೆತಂದು ಬಾಗಿಲ ಹೊರಗೆ ಕೂರಿಸಿದ್ದಳು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದ ಆ ಸಣ್ಣ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುವ ನಾಗೇಶ ಕಂಪ್ಯೂಟರಿನ ಮುಂದೆ ಕೂತು, "ಮೊದಲು ಯಾರಾದ್ರೂ ಒಬ್ರು ಸುಮ್ನೆ ಹಾಡಿಬಿಡಿ. ಅದನ್ನ ಕೇಳ್ಕೊಂಡು ತಬಲದೋರು ಬಾರಿಸ್ತಾರೆ. ಆಮೇಲೆ ಆ ದನಿ ತೆಗೆದು ದೊಡ್ಡಮ್ಮೋರ ದನಿ ಹಾಕ್ತೀನಿ" ಎಂದು ನನ್ನ ಕಡೆ ಕೈ ತೋರಿಸಿದ. ಸುಮ್ಮನೆ ಹಾಡುವುದಕ್ಕೆ ಅಮ್ಮ ಕೂತಳು. ರೀಲಿಂಗ್ ಮನೆಯಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನಿಂದ ನೂಲು ತೆಗೆಯುವವಳು — ಬೆರಳೆಲ್ಲ ಬಿಳುಚಿಕೊಂಡಿದ್ದವು. ಆ ಕೈ ಮುಗಿದುಕೊಂಡೇ ಹಾಡಿದಳು.

ನಾಲ್ಕನೆಯ ಹಾಡಿಗೆ ನನ್ನ ಸರದಿ ಬಂದಾಗ ಗಂಟಲು ಒಣಗಿ ಮೇಲಿನ ಸ್ವರದ ಸಾಲಿಗೆ ಹೋಗುವಾಗಲೆಲ್ಲ ದನಿ ಒಡೆಯಿತು. ನಾಲ್ಕು ಸಲ, ಐದು ಸಲ. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. "ಇರ್ಲಿ ಬಿಡಿ, ನಾನು ಸರಿ ಮಾಡ್ತೀನಿ" ಎಂದ ನಾಗೇಶ. ಸರಿ ಮಾಡಿದ್ದು ಹೇಗೆಂದು ಸಿ.ಡಿ. ಬಂದ ಮೇಲೆ ತಿಳಿಯಿತು. ನನ್ನ ದನಿಯನ್ನು ಪೂರ್ತಿ ತೆಗೆದು ಅವಳದ್ದನ್ನೇ ಉಳಿಸಿದ್ದ.

ದೇವಸ್ಥಾನದ ಮೈಕಿನಲ್ಲಿ ಮೊದಲ ಸಲ ಹಾಕಿದಾಗ ಅಮ್ಮ ನನ್ನ ಪಕ್ಕದಲ್ಲೇ ಹೂ ಕಟ್ಟುತ್ತಿದ್ದಳು. ಕೈ ನಿಂತಿತು. ನನ್ನ ಕಡೆ ನೋಡಿದಳು. ಒಂದು ಮಾತು — ಅವಳು ಒಂದು ಮಾತು ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ. ಅವಳು ಕೇಳಲಿಲ್ಲ. "ಚೆನ್ನಾಗಿ ಬಂದೈತೆ ಅಕ್ಕ" ಎಂದು ಮತ್ತೆ ಹೂವಿಗೆ ದಾರ ಸುತ್ತಿದಳು.

ಆಮೇಲೆ ಅವಳಿಗೆ ಉಬ್ಬಸ ಹಿಡಿಯಿತು. ನಿನಗೆ ಗೊತ್ತು. ಕೊನೆಯ ಮೂರು ವರ್ಷ ಅವಳು ಮಾತಾಡಿದ್ದೇ ಅರ್ಧ ಉಸಿರಲ್ಲಿ, ಹಾಡು ಎಲ್ಲಿಯದು. ನಿನ್ನ ಕಿವಿಯಲ್ಲಿ ಉಳಿದಿದ್ದು ಆ ಗೊರಗೊರ ದನಿ.

ಅವಳು ಹೋಗಿ ಐದು ವರ್ಷವಾಗಿತ್ತು. ನೀನು ಚಿಕ್ಕಬಳ್ಳಾಪುರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಅಂಗಡಿಗೆ ಕೆಲಸಕ್ಕೆ ಸೇರಿದ್ದೆ, ಮೇಲೂರಿನ ಸಂಬಂಧ ಗಟ್ಟಿಯಾಗಿತ್ತು. ಒಂದು ಭಾನುವಾರ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳಿದೆ.

"ದೊಡ್ಡಮ್ಮ, ನಾಗೇಶಣ್ಣ ಅಂಗಡಿ ಮುಚ್ತಾವ್ರಂತೆ. ಹಳೇ ರೆಕಾರ್ಡಿಂಗ್ ಒರಿಜಿನಲ್ ಫೈಲೆಲ್ಲ ಕೊಳ್ಳೋರಿಗೆ ಮಾರ್ತಾವ್ರೆ. ಒಂದೊಂದು ದನೀನೂ ಬೇರೆಬೇರೆ ಇರ್ತದೆ. ಹಿಂದೆ ಹಾಡೋರಲ್ಲಿ ಅಮ್ಮ ಇದ್ಳಲ್ಲ, ಅವಳ ದನಿ ಒಂದ್ನೇ ತೆಗೆದು, ಕೆಳಗೆ ತಂಬೂರಿ ಕೂರ್ಸಿ, ಧಾರೆ ಹೊತ್ನಲ್ಲಿ ಹಾಕ್ಬೇಕು ಅಂತ ನಂಗೆ."

"ಸಿ.ಡಿ. ಐತಲ್ಲೇ, ಅದ್ರಲ್ಲಿ ತಗೋ."

"ಅದ್ರಲ್ಲಿ ಎಲ್ಲಾ ಕಲಸಿರ್ತಾರೆ. ಎಂಪಿತ್ರೀ ಅಂತೂ ಒತ್ತಿ ಒತ್ತಿ ಚಿಕ್ಕದು ಮಾಡಿರ್ತಾರೆ, ಕತ್ತರಿಸಿದ್ರೆ ನೀರೊಳಗಿಂದ ಕೂಗಿದಂಗೆ ಕೇಳ್ತದೆ. ಒತ್ತದೇ ಇರೋ ವೇವ್ ಫೈಲೇ ಬೇಕು." ನೀನೇ ಮುಂದುವರಿದು, "ಅದೇನೋ ದೊಡ್ಡಮ್ಮ, ನಾಲ್ಕನೇ ಹಾಡಲ್ಲಿ ನಿಮ್ ದನಿ ಥೇಟ್ ಅಮ್ಮನ ಥರಾನೇ ಐತೆ" ಎಂದೆ.

ದೇವರೇ ತಂದು ಬಾಯಿಗಿಟ್ಟ ಗಳಿಗೆ ಅದು. ನಾನೇನಂದೆ? "ಜೊತೇಲಿ ಹಾಡಿ ಹಾಡಿ ದನಿ ಒಂದೇ ಆಗ್ತದೆ ಕಣಮ್ಮ" ಎಂದೆ. ಮತ್ತೆ, "ನೀನು ರಜ ಹಾಕ್ಬೇಡ, ನಾನೇ ಹೋಗಿ ತರ್ತೀನಿ" ಎಂದೆ. ನೀನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ — ವೇವ್, ಬೇರೆಬೇರೆ ದನಿ, ಎಂಪಿತ್ರೀ ಬೇಡ.

ಹೋದೆ. ಕೊಂಡೆ. ಕೊಳ್ಳಲಿಲ್ಲವೆಂದು ತಿಳಿಯಬೇಡ. ನಾಗೇಶ ಎಲ್ಲವನ್ನೂ ಒಂದು ಡಿ.ವಿ.ಡಿ.ಗೆ ಹಾಕಿ, ಸರಿಯಿದೆಯೇ ನೋಡಿ ಎಂದು ನಾಲ್ಕನೆಯ ಹಾಡಿನ ಅವಳೊಬ್ಬಳ ದನಿಯನ್ನು ಕೇಳಿಸಿದ. ತಬಲ ಇಲ್ಲ, ಹಾರ್ಮೋನಿಯಂ ಇಲ್ಲ. ಬರೀ ಅವಳು. ಸಾಲು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು, ಬಳೆ ಸದ್ದು... ನನಗೆ ಕೂತಿರಲಾಗಲಿಲ್ಲ. ಅವನ ಕೈಯಲ್ಲೇ ಇನ್ನೊಂದು ಡಿಸ್ಕಿಗೆ ಎಲ್ಲ ಸೇರಿದ ಎಂಪಿತ್ರೀ ಹಾಕಿಸಿಕೊಂಡೆ. ನಿನಗೆ ಅದನ್ನು ಕೊಟ್ಟು, "ಬೇರೆಬೇರೆ ಇದ್ದಿದ್ದೆಲ್ಲ ಎಂದೋ ಅಳಿಸಿಬಿಟ್ಟವ್ನಂತೆ ಕಣಮ್ಮ" ಎಂದೆ.

ಸಂಜೆ ದೀಪ ಹಚ್ಚಿ ಆ ದಿನ ದೇವರು ಮಾಡಿದ ಸಣ್ಣಪುಟ್ಟ ದಯೆಯನ್ನು ಎಣಿಸುವುದು ನನ್ನ ಅಭ್ಯಾಸ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಂಡಿನೋವು ಕಡಿಮೆಯಿತ್ತು. ಹುಡುಗಿ ನಂಬಿದಳು — ಅದನ್ನೂ ಎಣಿಸಿದೆ, ಭಾಗ್ಯ. ದೇವರ ಮುಂದೆ ಕೂತು ಎಣಿಸಿದೆ.

ನಿನ್ನ ಮದುವೆಯಲ್ಲಿ, "ಅಮ್ಮನ್ ದನಿ ಅಂತೂ ಸಿಗ್ಲಿಲ್ಲ, ನೀವಾದ್ರೂ ಆ ನಾಲ್ಕನೇ ಪದ ಹೇಳಿ ದೊಡ್ಡಮ್ಮ" ಎಂದು ಕೈ ಹಿಡಿದೆ. ಹಾಡಿದೆ. ಮೇಲಿನ ಸಾಲಿನಲ್ಲಿ ದನಿ ಒಡೆಯಿತು. ಗಂಡಿನ ಕಡೆಯ ಅಜ್ಜಿಯೊಬ್ಬರು, "ಸೀಡೀಲಿ ಕೋಗಿಲೆ, ಇಲ್ನೋಡಿದ್ರೆ ಕಾಗೆ!" ಎಂದು ನಗಿಸಿದರು. "ಶೀತ ಆಗೈತೆ" ಎಂದೆ. ನೀನು ಓಡಿಹೋಗಿ ನನಗೆ ಬಿಸಿನೀರು ತಂದುಕೊಟ್ಟೆ.

ಅವಳ ದನಿಯಿದ್ದ ಆ ಡಿ.ವಿ.ಡಿ.ಯನ್ನು ಎಸೆಯುವ ಧೈರ್ಯ ಬರಲಿಲ್ಲ. ಎಲ್ಲಕ್ಕಿಂತ ಭದ್ರವಾದ ಜಾಗವೆಂದು ದೇವರ ಮನೆಯಲ್ಲಿ, ಪಟದ ಹಿಂದೆ, ಕವರಿಲ್ಲದೆಯೇ ಇಟ್ಟೆ. ಆಯುಧಪೂಜೆಗೆ ಮನೆಯಲ್ಲಿರುವ ಎಲ್ಲಕ್ಕೂ ಅರಿಶಿನ ಕುಂಕುಮ ಇಡುವಾಗ ಅದಕ್ಕೂ ಇಟ್ಟೆ — ಹೊಳೆಯುವ ಕಡೆಗೇ. ಅವಳಿಗೇ ಇಟ್ಟಂತೆ ಅನಿಸಿತು. ಮಾರನೆಯ ದಿನ ಕಲೆ ಹೋಗದಿದ್ದಾಗ ದೇವರ ಪಾತ್ರೆ ಬೆಳಗುವ ಪುಡಿ ಹಾಕಿ ಚೆನ್ನಾಗಿ ಉಜ್ಜಿ ತೊಳೆದೆ. ಎರಡು ವರ್ಷ ಹೀಗೇ ಮಾಡಿದೆ.

ಹೋದ ತಿಂಗಳು ನಿನ್ನ ಮಗುವಿಗೆ ಅಮ್ಮನ ಹೆಸರನ್ನೇ ಇಟ್ಟೆಯೆಂದು ಕೇಳಿ ಇನ್ನು ತಡೆಯಲಾರೆ ಎಂದುಕೊಂಡು, ನಿನಗೆ ಕೊಡುವ ಮೊದಲು ಸರಿಯಿದೆಯೇ ನೋಡೋಣವೆಂದು ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆ. ಕಂಪ್ಯೂಟರಿಗೆ ಹಾಕಿ ತೆಗೆದು, ಹಾಕಿ ತೆಗೆದು, ಅಂಗಡಿಯವನು ಬೆಳಕಿಗೆ ಹಿಡಿದು ನೋಡಿದ. "ಏನಮ್ಮಾ ಇದು, ತಟ್ಟೆ ಉಜ್ಜಿದಂಗೆ ಉಜ್ಜಿದ್ದೀರಾ? ಒಂದು ಅಕ್ಷರಾನೂ ಬರಲ್ಲ." ಇನ್ನೊಂದು ಅಂಗಡಿಯಲ್ಲೂ ಅದೇ ಮಾತು. ನಾಗೇಶನ ಕಂಪ್ಯೂಟರು ಎಂದೋ ಗುಜರಿಗೆ ಹೋಗಿದೆ.

ಈ ಶನಿವಾರ ಮಂಡಳಿಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ, ಆ ಹಾಡು ರತ್ನಮ್ಮನದು ಎಂದು. ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ. ನೀನು ಕ್ಷಮಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಅಂದು ನಾಗೇಶ ಕೇಳಿಸಿದ ಫೈಲಿನಲ್ಲಿ ಹಾಡು ಶುರುವಾಗುವ ಮೊದಲು ಸಿ.ಡಿ.ಯಲ್ಲಿಲ್ಲದ ಒಂದು ಮಾತಿತ್ತು. ಅದು ನಿನಗೆ ಸೇರಿದ್ದು, ಅದಕ್ಕೆ ಬರೆಯುತ್ತಿದ್ದೇನೆ. ನೀನು ಒಳಗೆ ಬರಲು ಬಾಗಿಲು ತಳ್ಳಿದ್ದೆಯೆಂದು ಕಾಣುತ್ತದೆ. ಅಮ್ಮ ಹೇಳಿದ್ದಳು, "ಅಲ್ಲೇ ಕೂತಿರಮ್ಮ ಭಾಗ್ಯ, ಇದೊಂದು ಪದ ಹೇಳಿ ಬಂದ್ಬಿಡ್ತೀನಿ."

ಅದನ್ನು ಕೇಳಿ ನೆನಪಿಟ್ಟುಕೊಂಡವಳು ಈಗ ನಾನೊಬ್ಬಳೇ. ನೀನು ಎದುರಿಗೆ ಕೂತು ಕೇಳಿದರೂ, ಅದನ್ನು ನಾನು ನನ್ನ ದನಿಯಲ್ಲೇ ಹೇಳಬೇಕು.