ಕಾಜಕ್ಕನ ‘ಆಗಬಹುದು’

ಗುಂಡಿ ತೂರಿಸುವ ತೂತಿಗೆ ಟೈಲರ್ ಅಂಗಡಿಯಲ್ಲಿ ಕಾಜಾ ಎನ್ನುತ್ತಾರೆ. ಆ ತೂತಿನ ಅಂಚನ್ನು ಕೈಯಲ್ಲಿ ಹೊಲಿಯುವುದೇ ಕಾಜಕ್ಕನ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಕಿಟಕಿ ಪಕ್ಕದ ಅದೇ ಸ್ಟೂಲು. ಶರ್ಟಿನ ಕಾಜಾಕ್ಕೆ ಮೆಷಿನ್ ಬಂದು ಎಷ್ಟೋ ಕಾಲವಾಯಿತು, ಆದರೆ ಕೋಟು ಮಾತ್ರ ಈಗಲೂ ಅವಳ ಬೆರಳಿಗೇ ಬರಬೇಕು. ದಾರಕ್ಕೆ ಮೇಣ ಸವರಿ, ಪ್ರತಿ ಹೊಲಿಗೆಗೂ ಒಂದು ಗಂಟು ಬಿಗಿದಳೆಂದರೆ ಕೋಟು ಸವೆದೀತು, ಕಾಜಾ ಬಿಚ್ಚದು. ಅಂಗಡಿಯ ಟೈಲರ್ ಮಾಸ್ತರು ಸಾಯಂಕಾಲ ನಾಲ್ಕು ಕೋಟು ತಂದು ಅವಳ ಮಡಿಲಿಗೆ ಸುರಿದು, “ನಾಳೆ ಬೆಳಗ್ಗೆಗೆ ಬೇಕು, ಆಗುತ್ತಲ್ವಾ?” ಎನ್ನುತ್ತಾರೆ.

“ಆಗಬಹುದು,” ಎನ್ನುತ್ತಾಳೆ ಕಾಜಕ್ಕ.

ಈ ಪದ ಅವಳ ನಾಲಗೆಯ ಮೇಲೆ ಮನೆ ಕಟ್ಟಿಕೊಂಡುಬಿಟ್ಟಿತ್ತು. ಮದುವೆಯ ಮಾತು ಮುರಿದುಬಿದ್ದು ಅಣ್ಣನ ಮನೆಯಲ್ಲೇ ಉಳಿಯಬೇಕಾದಾಗ ಆಗಬಹುದು. ಅತ್ತಿಗೆಯ ಹಳೇ ಬೀರು ಅವಳ ಕೋಣೆಗೆ ಬಂದು ಮಂಚ ಗೋಡೆಗೆ ಒತ್ತಿಕೊಂಡಾಗಲೂ ಆಗಬಹುದು. ನಮ್ಮ ಭಾಷೆಯೂ ಎಂಥ ಕಿಲಾಡಿ ನೋಡಿ, ಒಪ್ಪಿಗೆಗೂ ಅದೇ ಪದ, ಅನುಮಾನಕ್ಕೂ ಅದೇ ಪದ. ಕೇಳಿದವರು ತಮಗೆ ಬೇಕಾದ ಅರ್ಥ ಎತ್ತಿಕೊಂಡು ಹೋಗುತ್ತಾರೆ.

ಹೋದ ತಿಂಗಳು ಅಣ್ಣ ಹೀಗೇ ಒಂದು ಅರ್ಥ ಎತ್ತಿಕೊಂಡು ಹೋಗಿದ್ದ. ದೂರದ ಊರಿನಲ್ಲಿರುವ ತಂಗಿಯ ಮನೆಯಲ್ಲಿ ಅವಳಿ ಮೊಮ್ಮಕ್ಕಳು ಹುಟ್ಟಿದ್ದವು, ನೋಡಿಕೊಳ್ಳಲು ಜನವಿರಲಿಲ್ಲ. “ನೀನು ಅಲ್ಲೇ ಹೋಗಿ ಇದ್ದುಬಿಡು ಪುಟ್ಟಿ, ಆಗುತ್ತಲ್ವಾ?” ಎಂದ. ಐವತ್ತೆರಡರ ಪುಟ್ಟಿ ಆಗಬಹುದು ಎಂದಳು. ಮರುದಿನವೇ ರೈಲಿನ ಟಿಕೆಟ್ ಬಂತು. ಹೋಗುವುದು ಮುಂದಿನ ತಿಂಗಳ ಮೊದಲ ಸೋಮವಾರ, ವಾಪಸು ಬರುವ ಟಿಕೆಟ್ ಇಲ್ಲ. ಕಾಜಕ್ಕನಿಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಅಂಗಡಿ ಬಿಡಲಂತೂ ಮನಸ್ಸೇ ಇರಲಿಲ್ಲ. ಆದರೂ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

ಇಂಥವಳನ್ನು ಫೋನಿನ ಆಟಕ್ಕೆ ಎಳೆದದ್ದು ಅಣ್ಣನ ಮಗಳು. ಫೋನಿನ ಗುಂಪೊಂದರಲ್ಲಿ ಹದಿಮೂರು ಜನ ಬರೆದು ಆಡುವ ಆಟ. ಸರದಿ ಬಂದವರು ಆಟದ ನಿಯಮವನ್ನೇ ಬದಲಿಸಲು ಕೇಳಬೇಕು, ಮಿಕ್ಕವರೊಂದಿಗೆ ತಾವೂ ಮತ ಹಾಕಬೇಕು, ಏಳು ಮತ ಬಿದ್ದರೆ ನಿಯಮ ಬದಲು. ಶುರುವಿಗೆ ಇದ್ದದ್ದು ಹದಿನೆಂಟು ನಿಯಮ. ವರ್ಷ ತುಂಬುವಷ್ಟರಲ್ಲಿ ಅರವತ್ತು ದಾಟಿತ್ತು. ಮಂಗಳವಾರ ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸಬೇಕು, ಗೊಣಗಿದವರಿಗೆ ಎರಡು ಅಂಕ ಕಡಿತ, ಹೀಗೆ. ಗೆಲ್ಲುವುದು ಹೇಗೆಂಬ ನಿಯಮವನ್ನು ಯಾರೋ ತೆಗೆದುಹಾಕಿ ಆರು ತಿಂಗಳಾಗಿತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮಧ್ಯಾಹ್ನ ಡಬ್ಬಿ ತೊಳೆದಿಟ್ಟು, ಕಟಿಂಗ್ ಟೇಬಲಿಗೆ ಒರಗಿ, ಕಾಜಕ್ಕ ತನ್ನ ಮತ ಹಾಕುತ್ತಿದ್ದಳು. ಯಾವಾಗಲೂ ‘ಆಗಬಹುದು’. ಅದನ್ನು ಹೌದು ಎಂದೇ ಎಣಿಸುತ್ತಿದ್ದರು.

ಅಣ್ಣನೂ ಆಟದಲ್ಲಿದ್ದ. ಬಸ್ ಡಿಪೋದಲ್ಲಿ ಟೈಂಕೀಪರ್, ಎರಡು ನಿಮಿಷ ತಡವಾದರೂ ಕೆಂಪು ಶಾಯಿಯಲ್ಲಿ ಬರೆಯುವ ಆಸಾಮಿ. ಶುಕ್ರವಾರ ಅವನ ಸರದಿ ಬಂತು. “ಹೌದು, ಬೇಡ, ಈ ಎರಡು ಪದ ಬಿಟ್ಟು ಬೇರೇನು ಬರೆದರೂ ಅದು ಮತವಲ್ಲ. ಈ ಮತದಾನದಿಂದಲೇ ಜಾರಿ,” ಎಂದು ಹಾಕಿದ. ಸಂಜೆಗೆ ಆರು ಹೌದು, ಆರು ಬೇಡ. ಉಳಿದವಳು ಕಾಜಕ್ಕ. ಕೋಟಿನ ಕಾಲರಿನ ಮೇಲೇ ಕಣ್ಣಿಟ್ಟುಕೊಂಡು, ಹೆಬ್ಬೆರಳಿನ ಅಭ್ಯಾಸಬಲದಿಂದ ಬರೆದಳು: ಆಗಬಹುದು.

ಗುಂಪಿಗೆ ಗುಂಪೇ ಹುಚ್ಚೆದ್ದಿತು. ಆಗಬಹುದು ಅಂದರೆ ಹೌದು, ಏಳು ಮತ, ನಿಯಮ ಗೆದ್ದಿತು. ನಿಯಮ ಗೆದ್ದರೆ ಆಗಬಹುದು ಮತವೇ ಅಲ್ಲ, ಮತ ಆರಕ್ಕಿಳಿದು ನಿಯಮ ಬಿತ್ತು. ಬಿದ್ದರೆ ಆಗಬಹುದು ಮತ್ತೆ ಹೌದು! ಎರಡು ದಿನ ಕೆಲಸ ಬೊಗಸೆ ಬಿಟ್ಟು ಕಿತ್ತಾಡಿದರು. “ಅತ್ತೆ, ನೀನು ಆಟಾನೇ ಕೆಡಿಸಿಬಿಟ್ಟೆ!” ಎಂದು ಅಣ್ಣನ ಮಗಳು ಬಿದ್ದು ಬಿದ್ದು ನಕ್ಕಳು. ಕಾಜಕ್ಕ ತನ್ನಿಂದ ಎಲ್ಲರಿಗೂ ತೊಂದರೆಯಾಯಿತಲ್ಲ ಎಂದು ಕುಗ್ಗಿಹೋದಳು.

ಭಾನುವಾರ ಬೆಳಗ್ಗೆ, ಆಟದ ತಂಟೆ ತಕರಾರು ಬಿಡಿಸುವ ನಿವೃತ್ತ ಟೀಚರ್ ತೀರ್ಪಿಗೆ ಕುಳಿತರು. “ಪದ ಹಿಡಿದು ಜಗ್ಗಾಡೋದು ಸಾಕು. ಬರೆದವರನ್ನೇ ಕೇಳೋಣ. ಕಾಜಕ್ಕ, ನಿಮಗೆ ಈ ನಿಯಮ ಬೇಕಿತ್ತಾ, ಬೇಡವಾಗಿತ್ತಾ?”

ಕಾಜಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅದನ್ನು ಮೂರು ಸಲ ಓದಿದಳು. ಇಂಥ ಪ್ರಶ್ನೆ ಅವಳಿಗೆ ಹೊಸದು. ಮುಖವೇ ಕಾಣದ ಯಾರೋ ಹೆಂಗಸು ಇಷ್ಟು ಮರ್ಯಾದೆಯಿಂದ ಕೇಳುವಾಗ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಿಧಾನವಾಗಿ ಒತ್ತಿದಳು:

“ಬೇಡವಾಗಿತ್ತು. ನಂಗೆ ಬೇಡ ಅನ್ನೋಕೆ ಬರಲ್ಲ ಟೀಚರ್. ಇಷ್ಟ ಇದ್ರೆ ಹೂಂ ಅಂತೀನಿ. ಇಷ್ಟ ಇಲ್ದಿದ್ರೆ ಆಗಬಹುದು ಅಂತೀನಿ.”

ನಿಯಮ ಬಿತ್ತು. ಅಷ್ಟಕ್ಕೇ ಮುಗಿಯಲಿಲ್ಲ, ಅವಳ ಒಂದು ಮತದಿಂದ ಗೆದ್ದಿದ್ದ ಹಳೇ ನಿಯಮಗಳನ್ನೂ ಯಾರೋ ಕೆದಕತೊಡಗಿದರು. ಒಂಬತ್ತು ಸಿಕ್ಕವು. ಗುಂಪಿನಲ್ಲಿ ನಗುವೋ ನಗು, ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು.

ನಡುಮನೆಯಲ್ಲಿ ಕುಳಿತಿದ್ದ ಅಣ್ಣ ಮಾತ್ರ ನಗಲಿಲ್ಲ. ಎದ್ದು ಅಡುಗೆಮನೆ ಬಾಗಿಲಿಗೆ ಬಂದ.

“ಪುಟ್ಟಿ, ನಾಳೆ ತಂಗಿ ಮನೆಗೆ ಹೋಗೋದಕ್ಕೂ ಹಂಗೇ ಅಂದಿದ್ದಾ?”

ಪಾತ್ರೆ ತೊಳೆಯುತ್ತಿದ್ದ ಕಾಜಕ್ಕ ಒದ್ದೆ ಕೈ ಒರೆಸಿಕೊಂಡಳು. “ಹೂಂ,” ಎಂದಳು.

ಅಣ್ಣನಿಗೆ ಮೊದಲು ಬಂದದ್ದು ಸಿಟ್ಟು. “ಇಷ್ಟು ವರ್ಷದಿಂದ ಒಂದೇ ಸೂರಿನಡಿ ಇದೀವಿ. ನಾನೇನು ಹುಲಿನಾ, ಕರಡಿನಾ? ಬೇಡ ಅಂತ ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತೇನೇ?” ಅನ್ನುವಷ್ಟರಲ್ಲಿ ಅವನ ದನಿ ಒಡೆಯಿತು.

“ಬೇಕಾ ಬೇಡವಾ ಅಂತ ನೀನು ಕೇಳಿದ್ದು ಯಾವಾಗಣ್ಣ?” ಎಂದಳು ಕಾಜಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಆಗುತ್ತಲ್ವಾ ಅಂತ ಕೇಳ್ತಿದ್ದೆ. ಆಗ್ತಿತ್ತು.”

ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡು, ಫೋನಿನಲ್ಲಿ ತಂಗಿಯ ನಂಬರು ಹುಡುಕಿದ.